ಬಾರದವರ ಸಹಿ, ಲೈಸೆನ್ಸ್ ಇಲ್ಲದವರ ವೈರಿಂಗ್: ಗುತ್ತಿಗೆ ಸಂಸ್ಥೆಗೆ ಒಂದು ದೂರು

ಇವರಿಗೆ,
ವ್ಯವಸ್ಥಾಪಕರು,
ವಿದ್ಯುತ್ ಗುತ್ತಿಗೆ ಸಂಸ್ಥೆ

ವಿಷಯ: ಲೈಸೆನ್ಸ್ ಇಲ್ಲದವರಿಂದ ವೈರಿಂಗ್ ಮಾಡಿಸಿ, ಸುಳ್ಳು ಟೆಸ್ಟ್ ರಿಪೋರ್ಟ್ ಕೊಟ್ಟಿರುವ ಬಗ್ಗೆ.

ಮಾನ್ಯರೇ,

ಹೋದ ತಿಂಗಳು ನಮ್ಮ ಬಚ್ಚಲಿಗೆ ಗೀಸರ್ ಲೈನ್ ಎಳೆಯುವ ಕೆಲಸವನ್ನು ನಿಮಗೆ ಒಪ್ಪಿಸಿದ್ದೆ. ಅದಕ್ಕೂ ಮೊದಲು ನಾನು ಕೇಳಿದ್ದು ಒಂದೇ ಮಾತು: "ಬರುವವರಿಗೆ ಲೈಸೆನ್ಸ್ ಇದೆ ಅಲ್ವಾ?" ಇದೆ ಅಂದಿರಿ. ಆ ಮಾತು ನಂಬಿ ಮುಂಗಡ ಕೊಟ್ಟೆ.

ಬಂದವರು ಇಬ್ಬರು ಹುಡುಗರು. ಅವರ ಚೀಲದಲ್ಲಿ ಟೆಸ್ಟರ್, ಕಟಿಂಗ್ ಪ್ಲೇಯರ್, ಟೇಪ್ ಇತ್ತು. ವೈರಿನ ಇನ್ಸುಲೇಷನ್ (ಹೊದಿಕೆ) ಕರೆಂಟ್ ಸೋರದಂತೆ ತಡೆಯುತ್ತದೆಯೇ ಎಂದು ಅಳೆಯುವ ಮೆಗ್ಗರ್ ಇರಲಿಲ್ಲ. ಅರ್ಧ ದಿನದಲ್ಲಿ ಕೆಲಸ ಮುಗಿಸಿ ಹೋದರು.

ನಾಲ್ಕನೇ ದಿನ ಅಮ್ಮ ಒದ್ದೆ ಕೈಯಲ್ಲಿ ನಲ್ಲಿ ಮುಟ್ಟಿದರು, ಕೈ ಜುಮ್ಮೆಂದಿತು. ಅವರಿಗೇ ನಂಬಿಕೆ ಬರದೆ ಇನ್ನೊಮ್ಮೆ ಮುಟ್ಟಲು ಕೈ ಚಾಚಿದ್ದರು. ನಾನು ಕೂಗಿ ತಡೆದೆ. ಅದನ್ನು ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಮೇನ್ ಸ್ವಿಚ್ ಆಫ್ ಮಾಡಿ, ಲೈಸೆನ್ಸ್ ಇರುವ ಬೇರೆ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆ. ಅವರು ಬೋರ್ಡ್ ಬಿಚ್ಚಿ ನನಗೆ ತೋರಿಸಿದರು. ಗೀಸರ್‌ನ ಅರ್ಥಿಂಗ್ ವೈರನ್ನು ಕತ್ತರಿಸಿ, ಮಡಚಿ, ಟೇಪ್ ಸುತ್ತಿ ಹಿಂದೆ ತುರುಕಿದ್ದರು. ಲೈನನ್ನೂ ಆರ್‌ಸಿಸಿಬಿ ತಪ್ಪಿಸಿ ನೇರವಾಗಿ ಕೊಟ್ಟಿದ್ದರು. 30 ಮಿಲಿಆಂಪಿಯರ್ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕರೆಂಟ್ ಕಡಿಯುವ ಸಾಧನ ಅದು. ನಿಮ್ಮ ಹುಡುಗನಿಗೆ ಫೋನ್ ಮಾಡಿದೆ. "ಟ್ರಿಪ್ ಆಗ್ತಾನೇ ಇತ್ತು ಸಾರ್. ಅರ್ಥಿಂಗ್ ಬಿಡಿಸಿದ್ರೂ ಟ್ರಿಪ್ ಆಯ್ತು, ಅದಕ್ಕೇ ಡೈರೆಕ್ಟ್ ಕೊಟ್ವಿ" ಅಂದ. ಎಲ್ಲೋ ಕರೆಂಟ್ ಸೋರುತ್ತಿದೆ ಎಂದು ಆ ಆರ್‌ಸಿಸಿಬಿ ಹೇಳುತ್ತಿತ್ತು. ಅವನು ಅದರ ಬಾಯಿ ಮುಚ್ಚಿಸಿದ. ಅವನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಯಾರೂ ಅವನಿಗೆ ಕಲಿಸಿಲ್ಲ. ಕಲಿಸದೆ ಆ ಹುಡುಗರನ್ನಷ್ಟೇ ನಮ್ಮ ಮನೆಗೆ ಕಳಿಸಿದವರು ನೀವು.

ಆಮೇಲೆ ಆ ಎಲೆಕ್ಟ್ರಿಷಿಯನ್ 500 ವೋಲ್ಟ್ ಮೆಗ್ಗರ್ ಇಟ್ಟು ನೋಡಿದರು. ಇನ್ಸುಲೇಷನ್ ರೀಡಿಂಗ್ ಕನಿಷ್ಠ 1 ಮೆಗಾಓಮ್ ಆದರೂ ಇರಬೇಕಾದ ಕಡೆ ಮುಳ್ಳು ಸೊನ್ನೆಯ ಹತ್ತಿರ ನಿಂತಿತು. ಗೀಸರ್ ಹಿಂದಿನ ಜಾಯಿಂಟ್‌ಗೆ ನೀರು ಇಳಿದಿತ್ತು.

ನೀವು ಕೊಟ್ಟ ಟೆಸ್ಟ್ ರಿಪೋರ್ಟ್‌ನಲ್ಲಿ ಇದೇ ಲೈನಿನ ಇನ್ಸುಲೇಷನ್ ರೀಡಿಂಗ್ ಬರೆದಿದೆ, ಕೆಳಗೆ ಸೂಪರ್‌ವೈಸರ್ ಸಹಿ ಇದೆ. ಆ ಸೂಪರ್‌ವೈಸರ್ ನಮ್ಮ ಮನೆ ಬಾಗಿಲಿಗೂ ಬಂದಿಲ್ಲ. ಮೆಗ್ಗರ್ ಇಲ್ಲದೆ ಆ ಅಂಕಿ ಎಲ್ಲಿಂದ ಬಂತು?

ಕೇಳಿದ್ದಕ್ಕೆ ನಿಮ್ಮ ಆಫೀಸಿನವರು "ಸಂಸ್ಥೆಗೆ ಕಂಟ್ರಾಕ್ಟರ್ ಲೈಸೆನ್ಸ್ ಇದೆ, ಅಷ್ಟು ಸಾಕು" ಅಂದರು. ಸಾಕಾಗಲ್ಲ. ಗುತ್ತಿಗೆ ಹಿಡಿಯಲು ಸಂಸ್ಥೆಗೆ ಕೊಡುವ ಲೈಸೆನ್ಸ್ ಬೇರೆ, ತಂತಿ ಮುಟ್ಟುವವನ ಪರವಾನಗಿ ಬೇರೆ. ಕಲಿಯುವ ಹುಡುಗರು ಕೆಲಸ ಮಾಡಲಿ, ಬೇಡ ಅನ್ನಲ್ಲ. ಆದರೆ ಪರವಾನಗಿ ಇರುವವರು ಪಕ್ಕದಲ್ಲಿ ನಿಂತು ನೋಡಬೇಕು, ಕೊನೆಗೆ ತಾವೇ ಪರೀಕ್ಷಿಸಿ ಸಹಿ ಹಾಕಬೇಕು. ಆ ಸಹಿ ನೋಡಿಯೇ ನಾವು ಸ್ವಿಚ್ ಒತ್ತುವುದು.

ಕೂಲಿ ವಾಪಸ್ ಕೊಡಿ, ಸರಿಪಡಿಸಿದ ಖರ್ಚನ್ನೂ ಕೊಡಿ. ಕೆಲಸ ಮಾಡಿದ ಇಬ್ಬರ ಮತ್ತು ಸಹಿ ಹಾಕಿದವರ ಪರವಾನಗಿ ಸಂಖ್ಯೆ, ಅವಧಿ ಎಂದಿನವರೆಗೆ ಇದೆ ಎಂಬುದನ್ನು ಬರಹದಲ್ಲಿ ತಿಳಿಸಿ. ಏಳು ದಿನದಲ್ಲಿ ಉತ್ತರ ಬರದಿದ್ದರೆ ಬೋರ್ಡಿನ ಫೋಟೊ, ರಿಪೋರ್ಟ್ ಎರಡನ್ನೂ ನಿಮಗೆ ಲೈಸೆನ್ಸ್ ಕೊಟ್ಟ ಇಲಾಖೆಗೆ ಕಳಿಸುತ್ತೇನೆ.

ಇನ್ನೊಂದು ಕೆಲಸಕ್ಕೆ ಏಳು ದಿನ ಕಾಯಬೇಡಿ. ಈ ಹುಡುಗರು ವೈರಿಂಗ್ ಮಾಡಿದ ಬೇರೆ ಮನೆಗಳಿಗೆ ಇವತ್ತೇ ಫೋನ್ ಮಾಡಿ, ಗೀಸರ್ ಆಫ್ ಮಾಡಿಸಿ, ಮೆಗ್ಗರ್ ಹಿಡಿದು ನೀವೇ ಹೋಗಿ.

ಇಂತಿ,
ನಿಮ್ಮ ಗ್ರಾಹಕ