ಹದಿನೇಳು ಲಕ್ಷ ಟ್ರಿಬಲ್‌ಗಳೂ ಒಂದು ಗಡಿ ತಕರಾರೂ

ನಾಳೆ ಬೆಳಿಗ್ಗೆ ಪುಟಗಳು ಅಚ್ಚಿಗೆ ಹೋಗಬೇಕು, ಈ ಪುಟ ಮಾತ್ರ ಇನ್ನೂ ಖಾಲಿ. ನವೆಂಬರ್ 1ರ ಸಂಚಿಕೆ ಎಂದರೆ ಕಾಸರಗೋಡಿನವರಿಗೆ ಏನು ಬರೆಯುವುದು? ಒಂದೇ ದಿನ ಆಚೆ ರಾಜ್ಯೋತ್ಸವ, ಈಚೆ ಕೇರಳ ಹುಟ್ಟಿದ ದಿನವಾದ ಕೇರಳ ಪಿರವಿ. ಉಳಿದದ್ದು ನಿಮಗೆ ಗೊತ್ತು. ಹಾಗಾಗಿ ಈ ಸಲ ಕಳೆದ ಭಾನುವಾರ ಸಂಘದ ಕೋಣೆಯಲ್ಲಿ ಮಕ್ಕಳಿಗೆ ತೋರಿಸಿದ, ಬಾಹ್ಯಾಕಾಶದ ಕಥೆಯ ಟಿ.ವಿ. ಧಾರಾವಾಹಿ ‘ಸ್ಟಾರ್ ಟ್ರೆಕ್’ನ ಒಂದು ಕಂತಿನ ವಿಚಾರ.

ಕಂತಿನ ಹೆಸರು ‘ದಿ ಟ್ರಬಲ್ ವಿತ್ ಟ್ರಿಬಲ್ಸ್’. ಅಮೆರಿಕದಲ್ಲಿ ಪ್ರಸಾರವಾದದ್ದು 1967ರ ಡಿಸೆಂಬರ್ 29ರಂದು. ಅದೇ ವರ್ಷ ಆಗಸ್ಟಿನಲ್ಲಿ ನಮ್ಮ ರಾಜ್ಯಗಳ ಗಡಿ ತಕರಾರಿನ ಬಗ್ಗೆ ಮಹಾಜನ ಆಯೋಗದ ವರದಿ ಬಂದಿತ್ತು. ಇದು ಬರೀ ಕಾಕತಾಳೀಯ. ಆದರೆ ಕಂತಿನ ಬುಡದಲ್ಲಿರುವುದೂ ಗಡಿ ತಕರಾರೇ. ಶೆರ್ಮನ್ ಗ್ರಹ ತಮ್ಮದೆಂದು ಭೂಮಿಯೂ ಸೇರಿದ ಗ್ರಹಗಳ ಕೂಟವಾದ ಫೆಡರೇಶನ್ ಹೇಳುತ್ತದೆ, ಅದರ ಎದುರಾಳಿಗಳಾದ ಕ್ಲಿಂಗಾನರೂ ಹೇಳುತ್ತಾರೆ. ಯಾರು ಅದನ್ನು ಚೆನ್ನಾಗಿ ಅಭಿವೃದ್ಧಿ ಮಾಡಿ ತೋರಿಸುತ್ತಾರೋ ಅವರಿಗೇ ಅದು ಎಂದು ಒಪ್ಪಂದ. ಅಲ್ಲಿ ಬಿತ್ತಲು ಕೆ-7 ಎಂಬ ಬಾಹ್ಯಾಕಾಶ ನಿಲ್ದಾಣದಲ್ಲಿ ಧಾನ್ಯ ಕೂಡಿಟ್ಟಿದ್ದಾರೆ, ಅದರ ಕಾವಲಿಗೆ ಕಪ್ತಾನ ಕಿರ್ಕ್‌ನ ಹಡಗನ್ನು ಕರೆಸುತ್ತಾರೆ. ಮುಂದಿನದೆಲ್ಲ ನಗುವಿನ ಗಲಾಟೆ. ಆ ಗ್ರಹವನ್ನು ಕಂತಿನಲ್ಲಿ ಒಮ್ಮೆಯೂ ತೋರಿಸುವುದಿಲ್ಲ. ಮುಗಿದ ಮೇಲೆ ಆರನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಮಾಷ್ಟ್ರೇ, ಆ ಗ್ರಹದ ಶಾಲೆ ಯಾವ ಮೀಡಿಯಂ?” ಹಿರಿಯರ ಸಾಲಿನಲ್ಲಿ ಯಾರೂ ಬಾಯಿ ಬಿಡಲಿಲ್ಲ.

ಈಗ ಲೆಕ್ಕ. ಟ್ರಿಬಲ್ ಎಂದರೆ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ರೋಮದ ಉಂಡೆ, ಮುದ್ದಾಗಿ ಗುರುಗುಟ್ಟುತ್ತದೆ. ವೈದ್ಯ ಮೆಕಾಯ್ ಪರೀಕ್ಷಿಸಿ ಹೇಳುವ ಪ್ರಕಾರ ಅದು ಹುಟ್ಟುವಾಗಲೇ ಗಬ್ಬ. ಧಾನ್ಯದ ಉಗ್ರಾಣಕ್ಕೆ ನುಗ್ಗಿದವು ಎಷ್ಟಿವೆ ಎಂದಾಗ ಹಡಗಿನ ಅಧಿಕಾರಿ ಸ್ಪಾಕ್ ಹೇಳುವ ಸಂಖ್ಯೆ 17,71,561. ಇದು ಬಾಯಿಗೆ ಬಂದ ಅಂಕಿಯಲ್ಲ. ಒಂದರಿಂದ ಶುರು, ಹನ್ನೆರಡು ಗಂಟೆಗೊಮ್ಮೆ ಹತ್ತು ಮರಿ, ಮೂರು ದಿನ. ಎಂದರೆ ಆರು ಸಲ ಹೆರಿಗೆ. ಮಕ್ಕಳು ಇಲ್ಲೇ ತಪ್ಪಿದ್ದು: ಹತ್ತರಿಂದ ಗುಣಿಸಿ ಹತ್ತು ಲಕ್ಷ ಎಂದರು. ತಾಯಿಯೂ ಉಳಿಯುತ್ತದಲ್ಲ, ಹಾಗಾಗಿ ಪ್ರತಿ ಸಲವೂ ಹನ್ನೊಂದರಿಂದ ಗುಣಿಸಬೇಕು: 11, 121, 1,331, 14,641, 1,61,051, ಆಮೇಲೆ 17,71,561. ಇನ್ನೊಂದು ದಿನ ಬಿಟ್ಟಿದ್ದರೆ 21 ಕೋಟಿ ದಾಟುತ್ತಿತ್ತು. ಕಥೆ ಬರೆದ ಡೇವಿಡ್ ಜೆರಾಲ್ಡ್‌ಗೆ ಆಸ್ಟ್ರೇಲಿಯಾದ ಮೊಲಗಳ ಹಾವಳಿ ಮನಸ್ಸಿನಲ್ಲಿತ್ತು.

ಧಾನ್ಯದ ಹೆಸರು ಕ್ವಾಡ್ರೋಟ್ರಿಟಿಕೇಲ್. ಅದು ಕಲ್ಪನೆ, ಆದರೆ ಟ್ರಿಟಿಕೇಲ್ ನಿಜವಾಗಿಯೂ ಇದೆ. ಗೋಧಿಗೂ ರೈ ಎಂಬ ಧಾನ್ಯಕ್ಕೂ ಅಡ್ಡ ಹಾಯಿಸಿ ಪಡೆದದ್ದು; ಎರಡರ ಲ್ಯಾಟಿನ್ ಹೆಸರು, ಟ್ರಿಟಿಕಮ್ ಮತ್ತು ಸೆಕೇಲ್, ಬೆಸೆದು ಹೆಸರಿಟ್ಟರು. 1875ರಲ್ಲಿ ಸ್ಕಾಟ್ಲೆಂಡಿನಲ್ಲಿ ಮೊದಲು ಬೆಳೆಸಿದ ಗಿಡ ಬಂಜೆ. ಎರಡು ಕುಲದ ವರ್ಣತಂತುಗಳಿಗೆ ಜೋಡಿ ಸಿಗುವುದಿಲ್ಲ, ಹಾಗಾಗಿ ಬೀಜ ಕಟ್ಟುವುದಿಲ್ಲ. 1930ರ ದಶಕದಲ್ಲಿ ಕಾಲ್ಚಿಸಿನ್ ಎಂಬ ರಾಸಾಯನಿಕದಿಂದ ವರ್ಣತಂತುಗಳನ್ನು ಇಮ್ಮಡಿ ಮಾಡಲು ಕಲಿತ ಮೇಲೆಯೇ ಕೆಲಸ ಕೈಗೂಡಿದ್ದು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ 1954ರಿಂದ ಇದರ ಹಿಂದೆ ಬಿದ್ದಿತ್ತು. ಧಾನ್ಯದ ಮೂಲ ಕೆನಡಾ ಎಂದು ಸ್ಪಾಕ್ ಹೇಳುವುದರ ಹಿಂದೆ ಇಷ್ಟು ಬೇರು ಇದೆ.

ಕಂತಿನ ಹೆಸರುವಾಸಿ ದೃಶ್ಯ ಎಲ್ಲರಿಗೂ ನೆನಪಿರುತ್ತದೆ. ಕಿರ್ಕ್ ತಲೆಯ ಮೇಲಿನ ಉಗ್ರಾಣದ ಬಾಗಿಲು ಎಳೆದಾಗ, ಪತ್ತಾಯದ ಹಲಗೆ ಕಿತ್ತರೆ ಭತ್ತ ಸುರಿದಂತೆ, ಟ್ರಿಬಲ್‌ಗಳು ಸುರಿದು ಎದೆಯವರೆಗೆ ಮುಚ್ಚುತ್ತವೆ. ಆಮೇಲೂ ಒಂದೊಂದೇ ತಲೆಗೆ ಬಡಿಯುತ್ತಿರುತ್ತವೆ. ಚಿತ್ರೀಕರಣದಲ್ಲಿ ಮೇಲೆ ನಿಂತು ಎಸೆಯುತ್ತಿದ್ದವರಿಗೆ ಕೆಳಗೆ ಏನಾಗುತ್ತಿದೆ ಎಂದು ಕಾಣುತ್ತಿರಲಿಲ್ಲ, ಎಸೆಯುತ್ತಲೇ ಇದ್ದರು. ಕಥೆಯಲ್ಲಿ ಬಿದ್ದವುಗಳಲ್ಲಿ ಸತ್ತವೇ ಬಹಳ. ಧಾನ್ಯಕ್ಕೆ ವಿಷದ ವೈರಸ್ ಬೆರೆಸಿದ್ದರಿಂದ ಹೊಟ್ಟೆ ತುಂಬಿದ್ದರೂ ಹಸಿದು ಸತ್ತಿದ್ದವು. ಕೊನೆಗೆ ಕಿರ್ಕ್‌ನ ಹಡಗಿನಲ್ಲಿ ಉಳಿದವನ್ನೆಲ್ಲ ಅದರ ಎಂಜಿನಿಯರ್ ಸ್ಕಾಟಿ ಕ್ಲಿಂಗಾನರ ಹಡಗಿಗೆ ದಾಟಿಸುತ್ತಾನೆ. ನಗು ಬರುತ್ತದೆ, ಸರಿ. ಆದರೆ ಅದು ನಮ್ಮ ಹಿತ್ತಿಲ ಕಸ ಪಕ್ಕದವರ ಬೇಲಿಯಾಚೆ ಎಸೆದಂತೆ.

ಆ ಕಂತಿಗೆ ವಾ ಚಾಂಗ್ ವಿನ್ಯಾಸ ಮಾಡಿದ ಟ್ರಿಬಲ್‌ಗಳು ಸುಮಾರು 500: ಕೃತಕ ರೋಮದ ಬಟ್ಟೆ, ಒಳಗೆ ಫೋಮ್. ನಡೆದಾಡುವ ಕೆಲವಕ್ಕೆ ಆಟಿಕೆ ನಾಯಿಯ ಯಂತ್ರ. ಬರುವ ಭಾನುವಾರ ಮಕ್ಕಳು ಇಂಥದ್ದೇ ಹೊಲಿಯುತ್ತಾರೆ, ಬರುವವರು ಓದಿಕೊಂಡು ಬನ್ನಿ. ಒಂದೂವರೆ ಮೀಟರ್ ಅಗಲದ ರೋಮದ ಬಟ್ಟೆ ಒಂದು ಮೀಟರ್ ತಂದರೆ 30 ಸೆಂ.ಮೀ. ವೃತ್ತ ಹದಿನೈದು ಸಿಗುತ್ತವೆ. ವೃತ್ತವನ್ನು ಬಟ್ಟೆಯ ಹಿಂಬದಿಯಲ್ಲಿ ಗೀರಿ, ಬ್ಲೇಡಿನಿಂದ ತಳದ ನೇಯ್ಗೆಯನ್ನಷ್ಟೇ ಕೊಯ್ಯಬೇಕು. ಕತ್ತರಿ ಹಾಕಿದರೆ ರೋಮವೂ ತುಂಡಾಗಿ ಅಂಚು ಬೋಳಾಗುತ್ತದೆ. ಅಂಚಿನಿಂದ ಒಂದು ಸೆಂ.ಮೀ. ಒಳಗೆ ಸುತ್ತ ದಾರ ಓಡಿಸಿ ಎಳೆದರೆ ಚೀಲ. ಹತ್ತಿ ನೂಲು ಎಳೆಯುವಾಗ ಕಡಿಯುತ್ತದೆ, ನೈಲಾನ್ ದಾರ ಎರಡೆಳೆ ಬೇಕು. ಗಟ್ಟಿಯಾಗಿ ತುಂಬಿದರೆ ಚೆಂಡಾಗುತ್ತದೆ, ಟ್ರಿಬಲ್ ಆಗುವುದಿಲ್ಲ. ಮುಕ್ಕಾಲು ತುಂಬಿ, ಕೈಯಲ್ಲಿಟ್ಟರೆ ಜೋಲಬೇಕು. ಉಮಿ ತುಂಬುವ ಯೋಚನೆ ಬೇಡ, ನಮ್ಮ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಬೂರುಗದ ಹತ್ತಿ ಸಾಕು. ಹೊಲಿಗೆಯಲ್ಲಿ ಸಿಕ್ಕಿದ ರೋಮವನ್ನು ಸೂಜಿ ತುದಿಯಿಂದ ಹೊರಗೆಳೆದರೆ ಗಂಟು ಕಾಣುವುದಿಲ್ಲ.

ಅವಸರದಲ್ಲಿ ಸೂಚನೆಗಳು: ಹೊಲಿಗೆ ಮಧ್ಯಾಹ್ನ 3ಕ್ಕೆ, ಸಂಘದ ಕೋಣೆ, ಬ್ಲೇಡು ಹಿಡಿಯಲು ಮಕ್ಕಳ ಜೊತೆ ದೊಡ್ಡವರೊಬ್ಬರು ಕಡ್ಡಾಯ. ಯಕ್ಷಗಾನ ತಾಳಮದ್ದಳೆ ಅದೇ ದಿನ ಸಂಜೆ 6ಕ್ಕೆ, ಕುರ್ಚಿ ಜೋಡಿಸಲು 5ಕ್ಕೇ ಬನ್ನಿ. ವಾರ್ಷಿಕ ಚಂದಾ ಬಾಕಿ ಇರುವವರು ಖಜಾಂಚಿಯವರನ್ನು ಕಂಡರೆ ದಾರಿ ಬದಲಿಸಬೇಡಿ.

ಇನ್ನೊಂದು ಮಾತು. ಕರಡು ತಿದ್ದುವವರು ಈಗ ಇಬ್ಬರೇ, ಅವರಲ್ಲಿ ಒಬ್ಬರು ಮುಂದಿನ ತಿಂಗಳು ಮಗಳ ಮನೆಗೆ ಮೈಸೂರಿಗೆ ಹೊರಟಿದ್ದಾರೆ. ಅಲ್ಪಪ್ರಾಣ ಮಹಾಪ್ರಾಣ ಗೊತ್ತಿದ್ದು, ತಿಂಗಳಿಗೆ ಎರಡು ಸಂಜೆ ಬಿಡುವಿರುವ ಯಾರಾದರೂ ಇದ್ದರೆ ಭಾನುವಾರ ಬಂದು ಹೇಳಿ. ಚಹಾ ಇದೆ.