ಶುಗರ್ ಇಳಿದರೂ ಮಿದುಳಿಗೆ ಪೆಟ್ಟು

ಮಾನ್ಯ ಸಂಪಾದಕರೇ,

ನವೆಂಬರ್ 14ರ ವಿಶ್ವ ಮಧುಮೇಹ ದಿನ ಬಂತೆಂದರೆ ಎಲ್ಲೆಡೆ ಒಂದೇ ಮಾತು: ಶುಗರ್ ಏರದಂತೆ ನೋಡಿಕೊಳ್ಳಿ. ಕಣ್ಣು, ಕಿಡ್ನಿ, ಕಾಲಿನ ಗಾಯದ ಬಗ್ಗೆ ಈಗ ಎಲ್ಲರಿಗೂ ಗೊತ್ತು. ಶುಗರ್ ತೀರಾ ಇಳಿದರೆ ವಯಸ್ಸಾದವರ ನೆನಪಿಗೆ ಏನಾಗುತ್ತದೆ ಎಂದು ಹೇಳುವವರು ಮಾತ್ರ ಕಡಿಮೆ.

ಮೊನ್ನೆ ಏಕಾದಶಿಗೆ ನಮ್ಮ ಪಕ್ಕದ ಮನೆಯ ಅಜ್ಜಿ ಉಪವಾಸವಿದ್ದರು. ಊಟ ಬಿಟ್ಟರು, ಶುಗರ್ ಮಾತ್ರೆ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ‘ಹಾಲಿನವನು ಬಂದ್ನಾ?’ ಅಂತ ಕೇಳಿದ್ದನ್ನೇ ಕೇಳತೊಡಗಿದರು. ಮಗನನ್ನು ತೀರಿಹೋದ ತಮ್ಮನ ಹೆಸರಿನಿಂದ ಕರೆದರು. ‘ವಯಸ್ಸಾಯ್ತಲ್ಲ, ಅರಳುಮರಳು’ ಅಂತ ಮನೆಯವರು ಸುಮ್ಮನಾದರು. ಸೊಸೆ ಕೈ ಮುಟ್ಟಿ ನೋಡಿದರೆ ತಣ್ಣಗೆ, ಬೆವರು. ಮೀಟರ್‌ನಲ್ಲಿ 48. ಲೆಕ್ಕಕ್ಕೆ 70ಕ್ಕಿಂತ ಕಡಿಮೆ ಅಂದರೇನೇ ಲೋ ಶುಗರ್.

ಮಿದುಳಿನ ತೂಕ ಮೈ ತೂಕದ ಶೇ 2ರಷ್ಟು, ಆದರೆ ಸುಮಾರು ಶೇ 20ರಷ್ಟು ಶಕ್ತಿ ಅದಕ್ಕೇ ಬೇಕು. ಆ ಶಕ್ತಿ ಕೊಡುವ ಗ್ಲೂಕೋಸ್, ಅಂದರೆ ರಕ್ತದ ಸಕ್ಕರೆಯನ್ನು, ಕೂಡಿಟ್ಟುಕೊಳ್ಳಲು ಅದಕ್ಕೆ ಜಾಗವೂ ಇಲ್ಲವೆಂದೇ ಹೇಳಬೇಕು. ಪೂರೈಕೆ ತೀರಾ ನಿಂತಾಗ ಗ್ಲುಟಮೇಟ್ ಎಂಬ ಸಂದೇಶದ ರಾಸಾಯನಿಕ ನರಕೋಶಗಳ ನಡುವೆ ಅತಿಯಾಗಿ ಸುರಿಯುತ್ತದೆ. ಅದನ್ನು ವಾಪಸ್ ಎಳೆದುಕೊಳ್ಳಲು ಕೋಶಗಳಿಗೆ ಶಕ್ತಿ ಇರುವುದಿಲ್ಲ. ಕೋಶಗಳೇ ಸಾಯಬಹುದು. ಹೊಸ ನೆನಪು ಕಟ್ಟುವ ಹಿಪೊಕ್ಯಾಂಪಸ್‌ಗೆ ಪೆಟ್ಟು ಜಾಸ್ತಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 16 ಸಾವಿರಕ್ಕೂ ಹೆಚ್ಚು ಹಿರಿಯ ಮಧುಮೇಹಿಗಳನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೋ ಶುಗರ್‌ನಿಂದ ಆಸ್ಪತ್ರೆ ಸೇರಿದವರಲ್ಲಿ ಮುಂದೆ ಮರೆಗುಳಿತನ ಹೆಚ್ಚು ಕಂಡಿತ್ತು. ಈ ನಂಟು ತಿರುಗಿಯೂ ಹೊಡೆಯುತ್ತದೆ: ಮರೆವು ಬಂದವರು ಮಾತ್ರೆ ನುಂಗಿದ್ದನ್ನು ಮರೆತು ಇನ್ನೊಮ್ಮೆ ನುಂಗುತ್ತಾರೆ.

ಹೀಗೆ ಶುಗರ್ ಇಳಿಸಿ ಹೆಚ್ಚು ಕಾಟ ಕೊಡುವುದು ಇನ್ಸುಲಿನ್ ಚುಚ್ಚುಮದ್ದು, ಜೊತೆಗೆ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮಾತ್ರೆಗಳು. ಈ ಮಾತ್ರೆಗಳು ನೀವು ಉಂಡಿರಿ, ಬಿಡಿ, ಶುಗರ್ ಇಳಿಸುವ ಇನ್ಸುಲಿನ್ ಅನ್ನು ಮೈಯಲ್ಲಿ ಹೊರಡಿಸುತ್ತಲೇ ಇರುತ್ತವೆ. ಬರೀ ಮೆಟ್‌ಫಾರ್ಮಿನ್ ಮಾತ್ರೆ ಆದರೆ ಅಷ್ಟು ಭಯವಿಲ್ಲ. ಪದೇ ಪದೇ ಶುಗರ್ ಇಳಿಯುವವರಿಗೆ ನಡುಕ, ಎದೆಬಡಿತದಂಥ ಮುನ್ಸೂಚನೆಗಳೂ ಮಂಕಾಗುತ್ತವೆ. ಇದು ಎಲ್ಲಕ್ಕಿಂತ ಅಪಾಯ.

ಅಜ್ಜಿಗೆ ಸಕ್ಕರೆ ನೀರು ಕುಡಿಸಿದರೂ ಬೇಗ ಚೇತರಿಸಲಿಲ್ಲ. ಚೀಟಿ ನೋಡಿದರೆ ಮಾತ್ರೆಯಲ್ಲಿ ವೋಗ್ಲಿಬೋಸ್ ಕೂಡ ಇತ್ತು. ಅದು ಕರುಳಲ್ಲಿ ಸಕ್ಕರೆ ಒಡೆಯುವುದನ್ನೇ ತಡೆಯುತ್ತದೆ. ಅಂಥವರಿಗೆ ಅಂಗಡಿಯ ಗ್ಲೂಕೋಸ್ ಪುಡಿಯೇ ಬೇಕು: 15 ಗ್ರಾಂ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಸುರಿಯಬಾರದು, ಆಸ್ಪತ್ರೆಗೇ ಒಯ್ಯಬೇಕು. ಇಷ್ಟನ್ನು ಮಾತ್ರೆ ಕೊಡುವಾಗ ಆ ಮನೆಯವರಿಗೆ ಯಾರಾದರೂ ಹೇಳಬೇಕಿತ್ತು, ಅಲ್ವಾ?

ಎಂಬತ್ತರ ಅಜ್ಜಿಗೂ ನಲವತ್ತರ ಮಗನಿಗೂ ಒಂದೇ ಶುಗರ್ ಗುರಿ ಇಡುವುದೂ ಸರಿಯಲ್ಲ. ವಯಸ್ಸಾಗಿ ಬೇರೆ ಕಾಯಿಲೆಗಳೂ ಇರುವವರಿಗೆ ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ರಕ್ತಪರೀಕ್ಷೆ, ಅಂದರೆ ಎಚ್‌ಬಿಎ1ಸಿ, ಶೇ 8ರ ಒಳಗಿದ್ದರೆ ಸಾಕೆಂದು ತಜ್ಞರೇ ಹೇಳುತ್ತಾರೆ. ಹಾಗಂತ ಮಾತ್ರೆಯನ್ನು ಸುಮ್ನೆ ತಾವೇ ನಿಲ್ಲಿಸಬೇಡಿ. ಉಪವಾಸಕ್ಕೆ ಮೊದಲು ಡಾಕ್ಟರನ್ನು ಕೇಳಿ ಡೋಸ್ ಬದಲಿಸಿಕೊಳ್ಳಿ.

2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಗೇ ಬಂದು ಶುಗರ್ ನೋಡುತ್ತಾರೆ. ಒಳ್ಳೆಯ ಕೆಲಸ. ಅವರು ‘ಶುಗರ್ ಎಷ್ಟಿದೆ?’ ಎಂಬುದರ ಜೊತೆಗೆ ‘ಬೆವರಿ, ತಡಬಡಾಯಿಸಿದ್ದುಂಟಾ? ಊಟ ತಪ್ಪಿಸುತ್ತೀರಾ?’ ಎಂದೂ ಕೇಳಿ ಬರೆದುಕೊಳ್ಳಲಿ. ಮಾತ್ರೆಯ ಜೊತೆ ಒಂದು ಪೊಟ್ಟಣ ಗ್ಲೂಕೋಸ್ ಕೊಡಲು ಆರೋಗ್ಯ ಇಲಾಖೆಗೆ ದೊಡ್ಡ ಖರ್ಚೇನೂ ಆಗದು.

– ಒಬ್ಬ ಓದುಗ, ಹಾಸನ