ಸ್ಟೀಮ್ ಓವನ್: ಮಲೆನಾಡಿನ ಲೆಕ್ಕ ಬೇರೆ

ಮಾನ್ಯರೇ,

ಸ್ಟೀಮ್ ಓವನ್ (ತೊಟ್ಟಿಯ ನೀರನ್ನು ಕಾಯಿಸಿ ಹಬೆಯಲ್ಲಿ ಬೇಯಿಸುವ ಯಂತ್ರ) ಎಂದರೆ ಎಣ್ಣೆಯಿಲ್ಲದ ಅಡುಗೆ ಎಂದು ಮಾರುವವರು ಹೇಳುತ್ತಾರೆ. ಕಡುಬು, ನುಚ್ಚಿನುಂಡೆ ತಿನ್ನುವ ಊರಿಗೆ ಇದೇನು ಹೊಸದಲ್ಲ. ಅದರ ನಿಜವಾದ ಅನುಕೂಲ ಬೇರೆ: ಎರಡು ಮೂರು ತಟ್ಟೆಗಳಲ್ಲಿ ಬೇರೆಬೇರೆ ಪದಾರ್ಥ ಒಟ್ಟಿಗೆ ಬೇಯುತ್ತವೆ, ತಳ ಹಿಡಿಯುವುದಿಲ್ಲ. ಬೀನ್ಸ್, ಸೊಪ್ಪು ನೀರಲ್ಲಿ ಬೇಯಿಸಿ ಬಸಿದರೆ ಸಿ ಜೀವಸತ್ವದ ಒಂದಷ್ಟು ಪಾಲು ನೀರಿನ ಜೊತೆ ಹೋಗುತ್ತದೆ. ಹಬೆಯಲ್ಲಿ ಆ ನಷ್ಟ ಕಡಿಮೆ. (ಬಸಿದ ನೀರಲ್ಲೇ ಬಸ್ಸಾರು ಮಾಡುವವರಿಗೆ ಈ ಮಾತು ಅಷ್ಟಾಗಿ ಅನ್ವಯಿಸದು.)

ತೊಡಕಿರುವುದು ಕೈಪಿಡಿ ಹೇಳುವ ಬೇಯಿಸುವ ಸಮಯದಲ್ಲಿ. ಸುಮಾರು 300 ಮೀಟರ್ ಮೇಲೇರಿದರೆ ನೀರು ಕುದಿಯುವ ಉಷ್ಣಾಂಶ 1 ಡಿಗ್ರಿ ಇಳಿಯುತ್ತದೆ. ಸಾವಿರ ಮೀಟರಿಗೂ ಎತ್ತರದ ಚಿಕ್ಕಮಗಳೂರಲ್ಲಿ ನೀರು 96–97 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನಂತೆ ಈ ಓವನ್ ಒತ್ತಡ ಕಟ್ಟುವುದಿಲ್ಲ, ಹಾಗಾಗಿ ಪರದೆಯಲ್ಲಿ 100 ಎಂದಿದ್ದರೂ ಕಡುಬಿಗೆ ಅಷ್ಟು ಶಾಖ ತಾಗದು. 20 ನಿಮಿಷ ಎಂದಿರುವಲ್ಲಿ ನಾಲ್ಕೈದು ನಿಮಿಷ ಹೆಚ್ಚಿಗೆ ಇಡಿ. ಪತ್ರೊಡೆ ಸುರುಳಿಗೆ ಮುಕ್ಕಾಲು ಗಂಟೆ ಬೇಕು. ಕೆಸುವಿನ ಎಲೆ ಅರೆಬೆಂದರೆ ಹುಣಸೆಹುಳಿ ಹಾಕಿದ್ದರೂ ಗಂಟಲು ತುರಿಸುತ್ತದೆ. ಕೆಲವು ಮಾದರಿಗಳನ್ನು ಊರಿನ ಎತ್ತರಕ್ಕೆ ಹೊಂದಿಸಬಹುದು, ಕೊಳ್ಳುವಾಗಲೇ ಕೇಳಿ. ಅಂಗಡಿಯವರೂ ಬ್ರೊಕೋಲಿ ಬಿಟ್ಟು ಅಕ್ಕಿತರಿ ಕಡುಬು ಬೇಯಿಸಿ ತೋರಿಸಲಿ. ತೊಗರಿಬೇಳೆಗಂತೂ ಕುಕ್ಕರೇ ಸರಿ.

ಕಡುಬಿಗೆ ತೂತಿನ ತಟ್ಟೆಯೇ ಆಗಬೇಕು, ಉಂಡೆಗಳ ನಡುವೆ ಬೆರಳಗಲ ಜಾಗವಿರಬೇಕು. ಮುಚ್ಚಿದ ತಳದ ತಟ್ಟೆಯಲ್ಲಿ ಇಟ್ಟರೆ ಇಳಿದ ನೀರು ಅಲ್ಲೇ ನಿಂತು ಉಂಡೆಯ ಅಡಿ ಅಂಟಂಟಾಗುತ್ತದೆ. ಮೀನು, ಕೋಳಿ ಯಾವಾಗಲೂ ಕೆಳಗಿನ ತಟ್ಟೆಯಲ್ಲಿರಲಿ, ಅದರ ರಸ ಕಡುಬಿನ ಮೇಲೆ ತೊಟ್ಟಿಕ್ಕಬಾರದು.

ಬೋರ್‌ವೆಲ್ ನೀರು ತುಂಬಿದರೆ ನೀರು ಕಾಯಿಸುವ ಭಾಗಕ್ಕೆ ಬಿಳಿ ಸುಣ್ಣ ಕಟ್ಟಿ ಹಬೆ ಏಳುವುದೇ ತಡವಾಗುತ್ತದೆ. ಹಾಗಂತ ಡಿಸ್ಟಿಲ್ಡ್ ನೀರೂ ಎಲ್ಲಕ್ಕೂ ಆಗದು: ಲವಣವಿಲ್ಲದ ನೀರನ್ನು ಕೆಲವು ಯಂತ್ರಗಳ ಸೆನ್ಸರ್ ಗುರುತಿಸದೆ ತೊಟ್ಟಿ ಖಾಲಿ ಎನ್ನುತ್ತದೆ. ಸುಣ್ಣ ತೆಗೆಯುವ ಸೂಚನೆ ಬಂದಾಗ ಮುಂದೂಡಬೇಡಿ. ಕೈಪಿಡಿ ಒಪ್ಪಿದರೆ ಲೀಟರ್ ನೀರಿಗೆ ಎರಡು ಚಮಚ ಸಿಟ್ರಿಕ್ ಆಸಿಡ್ ಸಾಕು, ಆಮೇಲೆ ಎರಡು ಸಲ ಬರಿ ನೀರು ಓಡಿಸಿ.

ಬಾಗಿಲು ತೆಗೆಯುವಾಗ ಮುಖ ಒಡ್ಡದೆ ಪಕ್ಕಕ್ಕೆ ನಿಲ್ಲಿ. ಅಡುಗೆ ಮುಗಿದ ಮೇಲೆ ಒಳಗೆಲ್ಲ ಹತ್ತಿಬಟ್ಟೆಯಲ್ಲಿ ಒರೆಸಿ, ಬಾಗಿಲು ಅರೆ ತೆರೆದಿಡಿ. ಆಷಾಢದ ಮಳೆಯಲ್ಲಿ ಮುಚ್ಚಿಟ್ಟರೆ ಬಾಗಿಲಿನ ರಬ್ಬರಿಗೆ ಬೂಷ್ಟು ಹಿಡಿಯುತ್ತದೆ.

– ಓದುಗರು, ಚಿಕ್ಕಮಗಳೂರು